ಇಚಿರಾನ್ ಅಥವಾ ಇಪ್ಪುಡೊ: ಜಪಾನಿನಲ್ಲಿ ರಾಮೆನ್ ಎಲ್ಲಿ ತಿನ್ನಬೇಕು?

ಇಚಿರಾನ್ ಮತ್ತು ಇಪ್ಪುಡೊ ಎರಡೂ ರಾಮೆನ್ (ಸಾರಿನಲ್ಲಿ ಬಡಿಸುವ ನೂಡಲ್ಸ್) ಉಣಬಡಿಸುವ, ಹಲವು ಶಾಖೆಗಳಿರುವ ಹೋಟೆಲುಗಳು; ಎರಡೂ ಜಪಾನಿನ ಫುಕುವೋಕಾ ನಗರ ಮೂಲದವು. ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಬಿಳಿ ಟೊಂಕೊತ್ಸು ಸಾರು, ಸಪೂರ ನೂಡಲ್ಸ್ ಎರಡರ ವೈಶಿಷ್ಟ್ಯವೂ ಹೌದು. ನಿಜವಾದ ವ್ಯತ್ಯಾಸ ಇರುವುದು ಉಪಚಾರದಲ್ಲಿ.

ಇಚಿರಾನ್‌ನಲ್ಲಿ ಯಂತ್ರದಿಂದ ಚೀಟಿ ಪಡೆದು, ಎರಡೂ ಬದಿಗೆ ಹಲಗೆಯ ಮರೆಯಿರುವ ಒಂಟಿ ಆಸನದಲ್ಲಿ ಕುಳಿತು, ಸಾರು ಎಷ್ಟು ಗಾಢವಾಗಿರಬೇಕು, ಬೆಳ್ಳುಳ್ಳಿ ಎಷ್ಟು, ನೂಡಲ್ಸ್ ಯಾವ ಹದದಲ್ಲಿ ಬೇಯಬೇಕು, ಖಾರದ ಕೆಂಪು ಸಾಸ್ ಎಷ್ಟು ಎಂಬುದನ್ನೆಲ್ಲ ಕಾಗದದ ಮೇಲೆ ಗುರುತಿಸಿ ಕೊಡಬೇಕು. ಎದುರಿನ ಪರದೆಯ ಕೆಳಗಿನಿಂದ ಎರಡು ಕೈಗಳು ಬಟ್ಟಲನ್ನು ಮುಂದಿಡುತ್ತವೆ, ಬಳಿಕ ಪರದೆ ಇಳಿಯುತ್ತದೆ. ಬಡಿಸಿದವರ ಮುಖ ಕಾಣುವುದೇ ಅಪರೂಪ. ಜಪಾನಿ ಭಾಷೆ ಬಾರದ ಒಂಟಿ ಪ್ರಯಾಣಿಕರಿಗೆ ಇಷ್ಟು ನಿರಾಳವಾದ ಏರ್ಪಾಡು ಬೇರೆಡೆ ಸಿಗುವುದು ಕಷ್ಟವೆಂದೇ ನನ್ನ ಅಭಿಪ್ರಾಯ. ಮನೆಮಂದಿಯೊಂದಿಗೆ ಹರಟುತ್ತ ಉಣ್ಣಬೇಕೆನ್ನುವವರಿಗೆ ಮಾತ್ರ ಈ ಮೌನ ಹಿಡಿಸದು.

ಅಂಥವರಿಗೆ 1985ರಲ್ಲಿ ಆರಂಭವಾದ ಇಪ್ಪುಡೊ ಸೂಕ್ತ. ಬಾಗಿಲು ದಾಟಿದೊಡನೆ ಸಿಬ್ಬಂದಿ ಗಟ್ಟಿ ದನಿಯಲ್ಲಿ ಸ್ವಾಗತಿಸುತ್ತಾರೆ. ಇಲ್ಲಿನ ಎರಡು ಬಗೆಯ ರಾಮೆನ್‌ಗಳಲ್ಲಿ ಶಿರೊಮಾರು ರುಚಿಯಲ್ಲಿ ಸೌಮ್ಯ; ಮಿಸೊ (ಹುದುಗಿಸಿದ ಸೋಯಾ ಹಿಟ್ಟಣೆ) ಮತ್ತು ಬೆಳ್ಳುಳ್ಳಿ ಎಣ್ಣೆ ಬೆರೆತ ಅಕಾಮಾರು ನಮ್ಮ ಮಸಾಲೆಗೆ ಒಗ್ಗಿದ ನಾಲಿಗೆಗೆ ಬೇಗ ಹತ್ತಿರವಾಗುತ್ತದೆ.

ಹಸಿವು ತೀರದಿದ್ದರೆ ಎರಡೂ ಕಡೆ 'ಕಾಯೆದಾಮ' ಎಂದು ಕೇಳಿ ನೂಡಲ್ಸ್ ಮಾತ್ರ ಮತ್ತೆ ಹಾಕಿಸಿಕೊಳ್ಳಬಹುದು. ಅದಕ್ಕಾಗಿ ಸಾರನ್ನು ಉಳಿಸಿಕೊಂಡಿರಬೇಕು. ಸಸ್ಯಾಹಾರಿಗಳು ಮಾಂಸದ ತುಂಡು ತೆಗೆಸಿದರೆ ಸಾಲದು, ಸಾರೇ ಹಂದಿಯದು. ಆದ್ದರಿಂದ ಆಯಾ ಶಾಖೆಯಲ್ಲಿ ಸಸ್ಯಾಧಾರಿತ ರಾಮೆನ್ ಇದೆಯೇ ಎಂದು ಮೊದಲೇ ವಿಚಾರಿಸುವುದು ಅಗತ್ಯ.