ಬಳ್ಳಾರಿ ಬಿಸಿಲಿಗೆ ಸಿಕ್ಕ 60 ವ್ಯಾಟ್ ಲೇಸರ್

ಬಳ್ಳಾರಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಮನೆ ಬಾಗಿಲಿನ ನೇಮ್ ಬೋರ್ಡು, ರಬ್ಬರ್ ಸೀಲು, ಶಾಲೆ ವಾರ್ಷಿಕೋತ್ಸವದ ಮೆಮೆಂಟೊ, ಇಷ್ಟೇ ಕೆಲಸ. ಎರಡು ವರ್ಷದ ಹಿಂದೆ ಲೇಸರ್ ಕಟಿಂಗ್ ಮಷಿನ್ ತಗೊಂಡೆ. ಸಿಓಟು (ಕಾರ್ಬನ್ ಡೈಆಕ್ಸೈಡ್) ಲೇಸರ್, ಕಿರಣ ಹುಟ್ಟಿಸುವ 60 ವ್ಯಾಟ್ ಗಾಜಿನ ಟ್ಯೂಬ್, ಶೀಟು ಇಡಲು 900ಕ್ಕೆ 600 ಮಿಲಿಮೀಟರ್ ಬೆಡ್, ಮಷಿನ್ ಓಡಿಸುವ ರುಯಿಡಾ ಕಂಟ್ರೋಲರ್. ಮಾರಿದವರ ಹೆಸರು ಬೇಡ. ಇದೇ ಅಳತೆಯ ಮಷಿನ್ ಮಾರುವವರು ಸುಮಾರು ಜನ ಇದ್ದಾರೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ.

ಮೊದಲೇ ಹೇಳಿಬಿಡುತ್ತೇನೆ. ಮಷಿನ್ ಒಳ್ಳೇದು. ಅದರ ಜೊತೆ ಬಂದ ಚಿಲ್ಲರ್, ಅಂದರೆ ಟ್ಯೂಬಿಗೆ ತಣ್ಣೀರು ಹರಿಸಬೇಕಾದ ಡಬ್ಬ, ಮಾತ್ರ ಚಿಲ್ಲರ್ ಅಲ್ಲ.

ಡೆಮೊ ನೋಡಿದ್ದು ಬೆಂಗಳೂರಲ್ಲಿ, ಜನವರಿಯಲ್ಲಿ, ಎಸಿ ಹಾಕಿದ ಶೋರೂಮಿನಲ್ಲಿ. 5 ಮಿಲಿಮೀಟರ್ ಅಕ್ರಿಲಿಕ್ ಬೆಣ್ಣೆ ಕೊಯ್ದ ಹಾಗೆ ಕಟ್ ಆಯಿತು. ಅಂಚು ಗಾಜಿನಂತೆ ಹೊಳೆಯಿತು. ನಾನೂ ಬಿದ್ದುಹೋದೆ. ಊರಿಗೆ ತಂದ ಮೇಲೆ ಎರಡು ತಿಂಗಳು ಹಾಗೇ ನಡೆಯಿತು. ಏಪ್ರಿಲ್ ಬಂತು ನೋಡಿ, ಅದೇ ಶೀಟು, ಅದೇ ಸ್ಪೀಡು, ಕೆಳಗೆ ಒಂದು ತೆಳು ಪದರ ಕಟ್ ಆಗದೆ ಉಳಿಯಲು ಶುರುವಾಯಿತು. ಅಕ್ಷರ ಎತ್ತಲು ಹೋದರೆ ಅಂಚು ಚಕ್ಕೆ ಏಳುತ್ತಿತ್ತು.

ಮಾರಿದವರಿಗೆ ಫೋನ್ ಮಾಡಿದರೆ ಒಂದೇ ಮಾತು: "ಸರ್, ಮಿರರ್ ಕ್ಲೀನ್ ಮಾಡಿ." ಮಾಡಿದೆ. ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ, ಉಜ್ಜದೆ ಮೆಲ್ಲಗೆ ಒಂದೇ ಕಡೆಗೆ ಎಳೆದೆ. ಆಮೇಲೆ ಅಲೈನ್‌ಮೆಂಟ್, ಅಂದರೆ ಟ್ಯೂಬಿನ ಕಿರಣ ಮಿರರ್‌ಗಳಿಗೆ ತಾಗಿ ಕಟ್ ಮಾಡುವ ಹೆಡ್ಡಿಗೆ ನೇರ ತಲುಪುವ ಹಾಗೆ ಹೊಂದಿಸುವುದು. ಮಿರರ್ ಮುಂದೆ ಮಾಸ್ಕಿಂಗ್ ಟೇಪ್ ಅಂಟಿಸಿ ಒಂದು ಪಲ್ಸ್ ಬಿಡಬೇಕು, ಹೆಡ್ ಹತ್ತಿರ ಇದ್ದಾಗ ಒಮ್ಮೆ, ದೂರ ತಳ್ಳಿ ಇನ್ನೊಮ್ಮೆ. ಎರಡು ಸುಟ್ಟ ಚುಕ್ಕೆ ಒಂದರ ಮೇಲೊಂದು ಕೂರಬೇಕು. ಕೂತವು. ಬೆಡ್ಡಿನ ನಾಲ್ಕು ಮೂಲೆಯಲ್ಲೂ ಸರಿಯಾಗಿತ್ತು. ಆದರೂ ಕಟ್ ಆಗಲಿಲ್ಲ.

ಆಮೇಲೆ ಹೆಡ್ಡಿನೊಳಗೆ ಕಿರಣವನ್ನು ಒಂದು ಚುಕ್ಕೆಗೆ ಕೂಡಿಸುವ ಲೆನ್ಸ್ ಬಿಚ್ಚಿದೆ. ಇಲ್ಲಿ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆ ಲೆನ್ಸಿನ ಒಂದು ಮುಖ ಉಬ್ಬು, ಒಂದು ಮುಖ ಚಪ್ಪಟೆ. ಉಬ್ಬು ಮೇಲಕ್ಕೆ ಇರಬೇಕು. ನಾನು ಒರೆಸಿ ತಿರುಗಾಮುರುಗಾ ಹಾಕಿದೆ. ಮಾರನೇ ದಿನ ಮಾಡಿದ ರಬ್ಬರ್ ಸೀಲಿನಲ್ಲಿ ಷ ಅಕ್ಷರದ ಹೊಟ್ಟೆಯೊಳಗಿನ ಗೆರೆ ಕರಗಿ ಮಾಯ. ಷಣ್ಮುಖ ಹೋಗಿ ಪಣ್ಮುಖ ಆಗಿದ್ದರು. ಗಿರಾಕಿ ಸೀಲು ಒತ್ತಿ ನೋಡಿ ನಕ್ಕರು, ದುಡ್ಡು ಮಾತ್ರ ಕೊಡಲಿಲ್ಲ.

ಲೆನ್ಸ್ ಸರಿಯಾಗಿ ಕೂರಿಸಿದ ಮೇಲೆ ಷಣ್ಮುಖ ವಾಪಸ್ ಬಂದರು, ಅಕ್ರಿಲಿಕ್ ಮಾತ್ರ ಹಳೇ ಕಥೆ. ಕೊನೆಗೆ ದಾರಿ ತೋರಿಸಿದ್ದು ಅಂಗಡಿ ಹುಡುಗ. "ಅಣ್ಣ, ಬೆಳಿಗ್ಗೆ ಕಟ್ ಆಗ್ತೈತೆ, ಮಧ್ಯಾಹ್ನ ಅಷ್ಟೇ ಆಗಲ್ಲ," ಅಂದ. ಹೌದಲ್ವಾ! ಚಿಲ್ಲರ್ ಮೇಲಿನ ನಂಬರ್ ನೋಡಿದೆ. ಬೆಳಿಗ್ಗೆ ಅಂಗಡಿ ತೆರೆದಾಗ ನೀರು 29 ಡಿಗ್ರಿ, ಮಧ್ಯಾಹ್ನ ಮೂರಕ್ಕೆ 42.

ಡಬ್ಬದ ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಫ್ಯಾನು, ಒಂದು ರೇಡಿಯೇಟರು, ಒಂದು ಪಂಪು. ಕಂಪ್ರೆಸರ್ ಇಲ್ಲವೇ ಇಲ್ಲ. ಅಂದರೆ ಅದು ನೀರನ್ನು ರೂಮಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಬಳ್ಳಾರಿ ಬೇಸಿಗೆಯಲ್ಲಿ ರೂಮೇ 39 ಇದ್ದರೆ ಅದು ತಾನೇ ಏನು ಮಾಡೀತು? ಟ್ಯೂಬಿಗೆ 20ರ ಆಸುಪಾಸಿನ ನೀರು ಬೇಕು. ಬಿಸಿಯಾದಷ್ಟೂ ಲೇಸರ್ ಸೊರಗುತ್ತದೆ. ನಾನೋ, ಕಟ್ ಆಗಲಿಲ್ಲವೆಂದು ಪವರ್ ಏರಿಸುತ್ತಾ ಹೋಗಿದ್ದೆ. ಟ್ಯೂಬಿನ ಕರೆಂಟ್ ತೋರಿಸುವ ಮೀಟರ್ ಮುಳ್ಳು 22 ಮಿಲಿಆಂಪ್ ದಾಟಿತ್ತು. 60 ವ್ಯಾಟ್ ಟ್ಯೂಬನ್ನು 18ರ ಒಳಗೆ ಓಡಿಸಿದರೆ ಬಾಳಿಕೆ ಜಾಸ್ತಿ.

ಇನ್ನೊಂದು ಪೆದ್ದುತನ: ಟ್ಯಾಂಕಿಗೆ ಬೋರ್ ನೀರು ಹಾಕಿದ್ದೆ. ನಮ್ಮ ಬೋರ್ ನೀರು ಕಾಯಿಸಿದ ಪಾತ್ರೆ ಹೇಗೆ ಬಿಳಿ ಕಟ್ಟುತ್ತದೋ, ಟ್ಯೂಬಿನ ಒಳಗೂ ಹಾಗೇ ಬಿಳಿ ಕಟ್ಟಿತು. ಪೈಪಿನೊಳಗೆ ಪಾಚಿ ಬೇರೆ. ಸಾಲದ್ದಕ್ಕೆ ಪಕ್ಕದ ಜ್ಯೂಸ್ ಅಂಗಡಿಯ ಫ್ರೀಜರಿನಲ್ಲಿ ನೀರಿನ ಬಾಟಲಿ ಗಟ್ಟಿ ಮಾಡಿಸಿ ಟ್ಯಾಂಕಿನಲ್ಲಿ ಮುಳುಗಿಸುತ್ತಿದ್ದೆ. ಬಿಸಿ ಗಾಜಿಗೆ ದಿಢೀರ್ ತಣ್ಣೀರು ಒಳ್ಳೇದಲ್ಲ, ಬಿರುಕು ಬಿಡಬಹುದು. ನೀವು ಹಾಗೆ ಮಾಡಬೇಡಿ. ಜುಲೈನಲ್ಲಿ ಟ್ಯೂಬ್ ಹೋಯಿತು. ವಾರಂಟಿ ಕೇಳಿದರೆ, ಕೂಲಿಂಗ್ ಸರಿ ಇಲ್ಲದೆ ಹೋದ ಟ್ಯೂಬಿಗೆ ವಾರಂಟಿ ಇಲ್ಲವಂತೆ. ಕೂಲಿಂಗ್ ಡಬ್ಬ ಕೊಟ್ಟವರೂ ಅವರೇ!

ಹೊಸ ಟ್ಯೂಬಿನ ಜೊತೆಗೆ ಕಂಪ್ರೆಸರ್ ಇರುವ ಚಿಲ್ಲರ್ ಹಾಕಿಸಿದೆ. ಚಿಲ್ಲರೆ ಉಳಿಸಲು ಹೋಗದೆ ಇದನ್ನು ಮೊದಲ ದಿನವೇ ತಗೋಬೇಕಿತ್ತು. ಈಗ ಡಿಸ್ಟಿಲ್ಡ್ ವಾಟರ್ ಮಾತ್ರ, 22ಕ್ಕೆ ಸೆಟ್. ಈ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೂ ಜನವರಿಯ ಸ್ಪೀಡಿನಲ್ಲೇ ಕಟ್ ಆಯಿತು.

ಉಳಿದದ್ದು ಬೇಗ ಹೇಳುತ್ತೇನೆ. ಕಂಟ್ರೋಲರ್ ಒಮ್ಮೆಯೂ ಕೈಕೊಟ್ಟಿಲ್ಲ. ಡಿಸೈನನ್ನು ಮಷಿನ್ನಿಗೆ ಕಳಿಸುವ ಲೈಟ್‌ಬರ್ನ್ ಸಾಫ್ಟ್‌ವೇರ್ ಕಲಿಯಲು ಒಂದು ವಾರ ಸಾಕು. ಕನ್ನಡ ಅಕ್ಷರ ಮಾತ್ರ ಕೋರೆಲ್ ಡ್ರಾದಲ್ಲಿ ಕರ್ವ್ ಮಾಡಿಯೇ, ಅಂದರೆ ಫಾಂಟ್ ಬಿಟ್ಟು ಬರೀ ಗೆರೆಗಳಾಗಿ ಬದಲಿಸಿ, ಕಳಿಸುತ್ತೇನೆ. ಬೆಲ್ಟ್ ಸಡಿಲವಾದರೆ ಸೊನ್ನೆಗಳು ಮೊಟ್ಟೆಯಾಗುತ್ತವೆ, ಆಗ ಬಿಗಿ ಮಾಡಿದರಾಯಿತು. ಅರ್ಥಿಂಗ್ ಮಾತ್ರ ಅಸಡ್ಡೆ ಮಾಡಬೇಡಿ. ಒಳಗಿನ ಪವರ್ ಸಪ್ಲೈ ಸಾವಿರಾರು ವೋಲ್ಟ್ ಕೊಡುತ್ತದೆ, ಸ್ವಿಚ್ ತೆಗೆದ ಮೇಲೂ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಅದರ ಮುಚ್ಚಳಕ್ಕೆ ನಾನು ಕೈ ಹಾಕುವುದಿಲ್ಲ.

ಮಾರುವಾಗ "ಎಲ್ಲಾ ಕಟ್ ಆಗುತ್ತೆ ಸರ್" ಅಂದಿದ್ದರು. ಸುಳ್ಳು. ಗಿರಾಕಿಗಳು ಸನ್‌ಬೋರ್ಡ್ ಹಿಡಿದುಕೊಂಡು ಬರುತ್ತಾರೆ. ಅದು ಪಿವಿಸಿ. ಸುಟ್ಟರೆ ಆಸಿಡ್ ಹೊಗೆ ಬರುತ್ತದೆ, ಶ್ವಾಸಕ್ಕೂ ಕೆಟ್ಟದ್ದು, ಮಷಿನ್ನಿನ ರೈಲೂ ತುಕ್ಕು. ವಾಪಸ್ ಕಳಿಸುತ್ತೇನೆ. ಕೆಲವರು ಸಿಟ್ಟಾಗುತ್ತಾರೆ, ಆಗಲಿ.

ಐದಕ್ಕೆ ಮಷಿನ್ನಿಗೆ ನಾಲ್ಕು, ಆ ಡಬ್ಬಕ್ಕೆ ಸೊನ್ನೆ. ಡಬ್ಬದ ಮೇಲೆ ಈಗ ಹುಡುಗ ಕೂತು ಟೀ ಕುಡಿಯುತ್ತಾನೆ. ಕಳೆದ ಆ ಒಂದು ಅಂಕ ಎಕ್ಸಾಸ್ಟ್ ಫ್ಯಾನಿನದು, ಸದ್ದು ಜಾಸ್ತಿ, ಎಳೆತ ಕಮ್ಮಿ. ರಬ್ಬರ್ ಸೀಲು ಮಾಡುವ ದಿನ ಪಕ್ಕದ ಟೈಲರ್ ಅಂಗಡಿಯವರು ಮಾತಾಡದೆ ಶಟರ್ ಅರ್ಧ ಇಳಿಸುತ್ತಾರೆ. ಅದಕ್ಕೊಂದು ದೊಡ್ಡ ಬ್ಲೋವರ್ ಆರ್ಡರ್ ಮಾಡಿದ್ದೇನೆ, ಇನ್ನೂ ಬಂದಿಲ್ಲ.