ಮೊಣಕೈ ನೋವಿಗೆ ಇಂಜೆಕ್ಷನ್ ತಗೊಳ್ಳುವ ಮೊದಲು ಇದನ್ನು ಓದಿ

ಎರಡು ವರ್ಷದ ಹಿಂದೆ, ಗೌರಿ ಹಬ್ಬದ ಹೊತ್ತು. ಆರ್ಡರ್ ಜಾಸ್ತಿ ಇತ್ತು ಅಂತ ಐದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಚಕ್ಕುಲಿ ಒರಳು ತಿರುಗಿಸಿದ್ದೆ. ಆರನೇ ದಿನ ಕಾಫಿ ಲೋಟ ಎತ್ತಲು ಹೋದರೆ ಬಲ ಮೊಣಕೈಯ ಹೊರಗಡೆ ಚಳಕ್ ಅಂದಿತು. ಬಟ್ಟೆ ಹಿಂಡಲು ಆಗುತ್ತಿರಲಿಲ್ಲ, ಚಿಲಕ ತಿರುಗಿಸಲು ಆಗುತ್ತಿರಲಿಲ್ಲ. ಟೆನಿಸ್ ಎಲ್ಬೋ ಅಂದರು. ಬ್ಯಾಟ್ ಹಿಡಿಯದವರಿಗೂ ಇದು ಬರುತ್ತದೆ, ದಿನವೂ ಹಿಂಡುವ, ತಿರುಗಿಸುವ ಕೈಗೆ.

ಮೊದಲು ನೀಲಗಿರಿ ಎಣ್ಣೆ, ಬಿಸಿನೀರಿನ ಶಾಖ ಎಲ್ಲಾ ಆಯಿತು. ರಾತ್ರಿ ನಿದ್ದೆ ಬರುವಷ್ಟು ಹಾಯೆನಿಸುತ್ತಿತ್ತು, ಅಷ್ಟೇ. ಆಮೇಲೆ ಒಂದು ಕ್ಲಿನಿಕ್‌ಗೆ ಹೋದೆ. ಎರಡು ನಿಮಿಷ ಒತ್ತಿ ನೋಡಿ ಇಂಜೆಕ್ಷನ್ ಕೊಟ್ಟರು. ಅದು ಸ್ಟಿರಾಯ್ಡ್ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕೇ ದಿನಕ್ಕೆ ನೋವು ಮಾಯ! ಖುಷಿಯಿಂದ ಮತ್ತೆ ಒರಳು ಹಿಡಿದೆ. ಎರಡು ತಿಂಗಳಿಗೆ ನೋವು ಮೊದಲಿಗಿಂತ ಜೋರಾಗಿ ಬಂತು. ಇನ್ನೊಂದು ಇಂಜೆಕ್ಷನ್ ಆಯಿತು. ಅದು ಒಂದು ತಿಂಗಳೂ ತಡೆಯಲಿಲ್ಲ. ಸೂಜಿ ಚುಚ್ಚಿದ ಜಾಗದಲ್ಲಿ ಚರ್ಮ ಬಿಳುಚಿ, ಒಂದು ರೂಪಾಯಿ ನಾಣ್ಯದಷ್ಟು ಅಗಲ ಒಳಗೆ ತಗ್ಗು ಬಿದ್ದಿತ್ತು.

ಕೊನೆಗೆ ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳೊಬ್ಬಳು ಅರ್ಥವಾಗುವ ಹಾಗೆ ಹೇಳಿದಳು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುವನ್ನು ಮೊಣಕೈ ಮೂಳೆಗೆ ಕಟ್ಟುವ ಹುರಿಯೊಂದಿದೆ, ಅದು ಸವೆದಿರುತ್ತದೆ. ಸ್ಟಿರಾಯ್ಡ್ ನೋವನ್ನು ಸುಮ್ಮನಾಗಿಸುತ್ತದೆ, ಹುರಿಯನ್ನು ಗಟ್ಟಿ ಮಾಡುವುದಿಲ್ಲ.

ಇದು ನನ್ನೊಬ್ಬಳ ಕಥೆ ಅಲ್ಲ. 2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ 185 ಜನರ ಮೇಲೆ ನಡೆದ ಸಂಶೋಧನೆ ನೋಡಿ. ಆರು ವಾರಕ್ಕೆ ಇಂಜೆಕ್ಷನ್ ತಗೊಂಡವರಲ್ಲಿ ನೂರಕ್ಕೆ 92 ಜನ ಚೆನ್ನಾಗಿದ್ದರು. ಫಿಸಿಯೋಥೆರಪಿಯವರು 47 ಮಾತ್ರ. ವರ್ಷ ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿತು: ಇಂಜೆಕ್ಷನ್‌ನವರು 69, ಫಿಸಿಯೋಥೆರಪಿಯವರು 91. ಸುಮ್ನೆ ಕಾದವರೂ 83! ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದ ಇನ್ನೊಂದು ಸಂಶೋಧನೆ 2013ರಲ್ಲಿ ಪ್ರಕಟವಾಯಿತು. ಸ್ಟಿರಾಯ್ಡ್ ತಗೊಂಡವರಲ್ಲಿ ನೂರಕ್ಕೆ 54 ಜನರಿಗೆ ನೋವು ಮರಳಿತ್ತು, ಔಷಧಿಯಿಲ್ಲದ ಸೂಜಿ ಚುಚ್ಚಿಸಿಕೊಂಡವರಲ್ಲಿ ಬರೀ 12 ಜನರಿಗೆ. ಆ ಆರು ವಾರದ ಸುಖ ನೋಡಿಯೇ ನಾನು ಮೋಸ ಹೋದದ್ದು.

ಶುಗರ್ ಇರುವವರು ಇನ್ನೂ ಹುಷಾರಾಗಿರಿ. ಈ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಮಟ್ಟ ಏರಬಹುದು. ಬೆರಳು ಜೋಮು ಹಿಡಿದರೆ, ಕತ್ತಿನಿಂದ ನೋವು ಇಳಿಯುತ್ತಿದ್ದರೆ ಅದು ಬೇರೆಯೇ ತೊಂದರೆ ಇರಬಹುದು, ಡಾಕ್ಟರಿಗೆ ತೋರಿಸಿ.

ನನಗೆ ಕೊಟ್ಟ ವ್ಯಾಯಾಮ ಇಷ್ಟೇ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಹಸ್ತ ಮಾತ್ರ ಅಂಚಿನಾಚೆ ಇರಬೇಕು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಎಡಗೈಯ ಸಹಾಯದಿಂದ ಮೇಲೆತ್ತಿ, ಬಲಗೈಯಿಂದ ನಿಧಾನವಾಗಿ ಇಳಿಸಬೇಕು. ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನಕ್ಕೂ ಉಳಿದರೆ ಕಡಿಮೆ ಮಾಡಬೇಕು. ಚೀಲ, ಪಾತ್ರೆ ಎತ್ತುವಾಗ ಅಂಗೈ ಮೇಲೆ ಇರಲಿ ಅಂದಳು. ಮೊದಲ ತಿಂಗಳು ಏನೂ ಆಗುತ್ತಿಲ್ಲ ಅಂತ ಅಳು ಬಂದಿತ್ತು. ನಾಲ್ಕನೇ ತಿಂಗಳು ಒದ್ದೆ ಟವೆಲ್ ಹಿಂಡಿದೆ, ನೋವಿರಲಿಲ್ಲ.

ತಗ್ಗು ಮಾತ್ರ ಇನ್ನೂ ಪೂರ್ತಿ ತುಂಬಿಲ್ಲ.