ಶಿಂಗಲ್ ಚಾವಣಿಯ ಕಪ್ಪು ಗೆರೆ ತೊಳೆಸುವ ಮುಂಚೆ ಇದನ್ನು ಓದಿ

ಜಾರ್ಜಿಯಾ, ಕ್ಯಾರೊಲಿನಾ, ಫ್ಲೋರಿಡಾ ಕಡೆ ಸ್ವಂತ ಮನೆ ಇರುವ ಕನ್ನಡಿಗರು ದಯವಿಟ್ಟು ಪೂರ್ತಿ ಓದಿ. ಚಾವಣಿ ತೊಳೆಯಲು ಬಂದವರು ಗಾಡಿಯಿಂದ ಪ್ರೆಷರ್ ವಾಷರ್ (ಭಾರೀ ಒತ್ತಡದಲ್ಲಿ ನೀರು ಚಿಮ್ಮಿಸುವ ಯಂತ್ರ) ಇಳಿಸಿದರೆ ಏಣಿ ಹಾಕಲೂ ಬಿಡಬೇಡಿ. ಅಟ್ಲಾಂಟಾ ಹೊರವಲಯದ ನಮ್ಮ ಮನೆಯ ಚಾವಣಿ ಒಂದೇ ಬೆಳಗ್ಗೆ ಹಾಳಾಯಿತು.

ಉತ್ತರದ ಇಳಿಜಾರಿನಲ್ಲಿ ಕಪ್ಪು ಗೆರೆಗಳು ಮೊದಲಿಂದಲೂ ಇದ್ದವು. ಈ ಸಲ ಬಡಾವಣೆಯ ಮನೆಮಾಲೀಕರ ಸಂಘದಿಂದ (ಎಚ್‌ಒಎ) ಪತ್ರ ಬಂತು: ಗಡುವಿನೊಳಗೆ ತೊಳೆಸಿ, ಇಲ್ಲದಿದ್ದರೆ ದಂಡ. ಆಗಲೇ ಒಬ್ಬ ಬಾಗಿಲಿಗೆ ಬಂದ. ಔಷಧಿ ಸಿಂಪಡಿಸಿ ಮೆಲ್ಲಗೆ ನೀರು ಬಿಡುವುದಷ್ಟೇ, ಒತ್ತಡ ಹಾಕುವುದಿಲ್ಲ ಎಂದ. ಕೊಟೇಶನ್ನಿನಲ್ಲೂ ಹಾಗೇ ಬರೆದುಕೊಟ್ಟ. ಇನ್ಶೂರೆನ್ಸ್ ಕಾಗದ ತೋರಿಸಿದ.

ಕೆಲಸಕ್ಕೆ ಬಂದವರು ಬೇರೆಯವರು. ನಾನು ಆಫೀಸಿನಲ್ಲಿದ್ದೆ. ಊರಿಂದ ಬಂದಿದ್ದ ಅಮ್ಮ ಫೋನ್ ಮಾಡಿ, "ಮನೆಯೆಲ್ಲ ಅದುರೋ ಹಾಗೆ ಸದ್ದು ಕಣೇ. ಗಟರ್ ಪೈಪಿನಲ್ಲಿ ಕರೀ ರವೆ ಥರ ಏನೋ ಇಳೀತಿದೆ, ಬೇಗ ಬಾ" ಎಂದರು. ನಾನು ಬಂದು ನಿಲ್ಲಿಸುವಷ್ಟರಲ್ಲಿ ಅರ್ಧ ಇಳಿಜಾರು ಮುಗಿದಿತ್ತು.

ಆ ರವೆಯೇ ಚಾವಣಿಯ ಪ್ರಾಣ. ಶಿಂಗಲ್ ಅಂದರೆ ಫೈಬರ್‌ಗ್ಲಾಸ್ ಹಾಳೆಗೆ ಡಾಂಬರು ಹಾಕಿ, ಮೇಲೆ ಸೆರಾಮಿಕ್ ಲೇಪನದ ಕಲ್ಲಿನ ಹರಳು ಕೂರಿಸಿದ್ದು. ಬಿಸಿಲಿನಿಂದ ಡಾಂಬರನ್ನು ಕಾಯುವುದು ಆ ಹರಳುಗಳು. ಅವು ಹೋದಲ್ಲಿ ಡಾಂಬರು ಒಣಗಿ ಬಿರುಕು ಬಿಡುತ್ತದೆ. ಸಾಲದ್ದಕ್ಕೆ ಅವರು ಕೆಳಗಿನಿಂದ ಮೇಲಕ್ಕೆ ನೀರು ಹೊಡೆದಿದ್ದರು. ಒಂದರ ಮೇಲೊಂದು ಅಂಟಿಕೊಂಡಿದ್ದ ಶಿಂಗಲ್ ಅಂಚುಗಳು ಎದ್ದುಬಿಟ್ಟವು. ಮುಂದಿನ ಗುಡುಗು ಮಳೆಗೆ ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ಒದ್ದೆ ಕಲೆ ಮೂಡಿತು.

ಆಮೇಲಿನ ಓಡಾಟವೇ ಹೆಚ್ಚು ನೋವು ಕೊಟ್ಟಿದ್ದು. ಪ್ರೆಷರ್ ವಾಷ್ ಆಗಿದೆ, ವಾರಂಟಿ ಇಲ್ಲ ಎಂದರು ಶಿಂಗಲ್ ಕಂಪನಿಯವರು. ಕೆಟ್ಟ ಕೆಲಸದಿಂದಾದ ನಷ್ಟಕ್ಕೆ ನಮ್ಮ ಪಾಲಿಸಿ ಬರುವುದಿಲ್ಲ ಎಂದರು ಮನೆ ಇನ್ಶೂರೆನ್ಸ್‌ನವರು. ಬಾಗಿಲಿಗೆ ಬಂದವನು ತೋರಿಸಿದ್ದ ಕಾಗದದಲ್ಲಿನ ಏಜೆಂಟರಿಗೆ ಫೋನ್ ಮಾಡಿದರೆ ಆ ಪಾಲಿಸಿ ಯಾವಾಗಲೋ ರದ್ದಾಗಿತ್ತು. ಅವನ ಫೋನಂತೂ ರಿಂಗ್ ಆಗಿ ಆಗಿ ನಿಲ್ಲುತ್ತದೆ. ಔಷಧಿ ಹೊಡೆಯುವ ಮುಂಚೆ ಗಿಡಗಳಿಗೆ ನೀರು ಹಾಕದೆ ಬ್ಲೀಚ್ ಸುರಿದಿದ್ದರಿಂದ ಅಮ್ಮ ಸಾಕಿದ್ದ ಕುಂಡದ ಕರಿಬೇವೂ ಸುಟ್ಟುಹೋಯಿತು.

ಊರಲ್ಲಿ ಹೆಂಚು ಇಳಿಸಿ ತಿಕ್ಕಿ ತೊಳೆಯುವುದನ್ನು ನೋಡಿ ಬೆಳೆದವರಿಗೆ, ಜೋರಾಗಿ ಉಜ್ಜಿದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಸುಟ್ಟ ಮಣ್ಣಿನ ಹೆಂಚು ಅದನ್ನು ತಡೆಯುತ್ತದೆ, ಶಿಂಗಲ್ ತಡೆಯುವುದಿಲ್ಲ. ಈ ಕಪ್ಪು ಗೆರೆ ಧೂಳೂ ಅಲ್ಲ. ಗ್ಲಿಯೋಕ್ಯಾಪ್ಸ ಮ್ಯಾಗ್ಮ ಎಂಬ ಸಯನೋಬ್ಯಾಕ್ಟೀರಿಯಾ, ಅಂದರೆ ಪಾಚಿಯಂಥ ಸೂಕ್ಷ್ಮಜೀವಿ ಅದು. ಶಿಂಗಲ್‌ಗೆ ಬೆರೆಸಿದ ಸುಣ್ಣಕಲ್ಲಿನ ಪುಡಿ ಅದರ ಬೆಳವಣಿಗೆಗೆ ನೆರವಾಗುತ್ತದೆ ಎನ್ನುತ್ತಾರೆ, ತೇವ ಆರದ ಉತ್ತರದ ಕಡೆಯೇ ಅದರ ಬೀಡು. ಅದನ್ನು ಕೊಲ್ಲಬೇಕು, ಕೆರೆಯಬಾರದು. ಇದು ಮುಖ್ಯವಾಗಿ ಕಾಣುವ ಅಂದದ ತೊಂದರೆ, ಗೆರೆ ಬಂದ ಮಾತ್ರಕ್ಕೆ ಚಾವಣಿ ಸೋರುವುದಿಲ್ಲ. ಹಾಗಾಗಿ ಯಾರ ಅವಸರಕ್ಕೂ ಮಣಿಯಬೇಕಿಲ್ಲ. ಎಚ್‌ಒಎಗೆ ಬರೆದು ಹೆಚ್ಚು ಸಮಯ ಕೇಳಿ.

ಅಮೆರಿಕದ ಡಾಂಬರು ಶಿಂಗಲ್ ತಯಾರಕರ ಸಂಘ ಹೇಳುವ ಕ್ರಮ ಬಹಳ ಸರಳ. ಬಟ್ಟೆ ಒಗೆಯುವ ಕ್ಲೋರಿನ್ ಬ್ಲೀಚ್ ಮತ್ತು ನೀರು ಸಮಸಮ ಬೆರೆಸಿ ಸಿಂಪಡಿಸಬೇಕು, 15ರಿಂದ 20 ನಿಮಿಷ ಬಿಡಬೇಕು, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ಪ್ರೆಷರ್ ವಾಷರ್ ಬೇಡವೇ ಬೇಡ ಎಂದು ಅವರೇ ಹೇಳುತ್ತಾರೆ. ಗಿಡಗಳನ್ನು ಮೊದಲೂ ಕೊನೆಗೂ ಚೆನ್ನಾಗಿ ನೆನೆಸಿ. ಬ್ಲೀಚಿಗೆ ಅಮೋನಿಯಾ ಆಗಲಿ ಆಸಿಡ್ ಆಗಲಿ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ. ಬ್ಲೀಚ್ ಬಿದ್ದ ಚಾವಣಿ ವಿಪರೀತ ಜಾರುತ್ತದೆ, ನೀವೇ ಹತ್ತುವ ಸಾಹಸ ಬೇಡ.

ಕೆಲಸ ಕೊಡುವ ಮುಂಚೆ ಇನ್ಶೂರೆನ್ಸ್ ಪ್ರಮಾಣಪತ್ರವನ್ನು ಏಜೆಂಟರಿಂದಲೇ ನೇರವಾಗಿ ತರಿಸಿಕೊಳ್ಳಿ. ಯಂತ್ರ ಗಾಡಿಯಿಂದ ಇಳಿಯುವಾಗ ಮನೆಯಲ್ಲಿರಿ. ಪೂರ್ತಿ ಹಣ ಮುಂಗಡವಾಗಿ ಕೊಡಬೇಡಿ, ಕೊಡುವುದನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ಹೊಸ ಚಾವಣಿ ಹಾಕಿಸುವವರು ತಾಮ್ರ ಬೆರೆತ ಹರಳಿನ, ಪಾಚಿ ತಡೆಯುವ ಶಿಂಗಲ್ ಕೇಳಿ.

ಈಗಾಗಲೇ ನಷ್ಟ ಆಗಿದ್ದರೆ ಏನನ್ನೂ ಗುಡಿಸಬೇಡಿ. ಪೈಪಿನ ಬಾಯಲ್ಲಿ ಬಿದ್ದ ಹರಳು, ಎದ್ದ ಅಂಚುಗಳು, ಸೀಲಿಂಗಿನ ಕಲೆ ಎಲ್ಲದರ ಫೋಟೋ ತೆಗೆದಿಡಿ, ಹರಳನ್ನು ಒಂದು ಚೀಲದಲ್ಲಿ ತುಂಬಿಡಿ. ಜಾರ್ಜಿಯಾದಲ್ಲಿ 15,000 ಡಾಲರ್‌ವರೆಗಿನ ವ್ಯಾಜ್ಯವನ್ನು ವಕೀಲರಿಲ್ಲದೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಒಯ್ಯಬಹುದು. ನಾವೂ ಅಲ್ಲಿಗೇ ಹೋಗಿದ್ದೇವೆ, ಅರ್ಜಿ ತುಂಬುವ ಬಗ್ಗೆ ಏನಾದರೂ ಕೇಳಬೇಕಿದ್ದರೆ ಕೇಳಿ.